ನಮ್ಮ ಮಕ್ಕಳ ಚಿತ್ರಪುಸ್ತಕದಲ್ಲಿ ನಮ್ಮ ಚಳಿ ಎಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಶನಿವಾರ ನಮ್ಮೂರಿನ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಮಕ್ಕಳ ಕೈಗೆ ಒಂದೊಂದು ಬಿಳಿ ಹಾಳೆ ಕೊಟ್ಟು, ಮಧ್ಯದಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟು, 'ಚಳಿಗಾಲದ ಚಿತ್ರ ಬಿಡಿಸಿ' ಅಂದೆ. ಹದಿಮೂರು ಮಕ್ಕಳಿದ್ದರು, ಎಲ್ಲರೂ ಐದರಿಂದ ಎಂಟು ವರ್ಷದವರು. ಅದರಲ್ಲಿ ಒಂಬತ್ತು ಮಕ್ಕಳು ಸ್ನೋಮ್ಯಾನ್ ಬಿಡಿಸಿದರು. ಒಂದರ ಮೇಲೊಂದು ಎರಡು ಉಂಡೆ, ಕ್ಯಾರೆಟ್ ಮೂಗು, ಕುತ್ತಿಗೆಗೆ ಕೆಂಪು ಮಫ್ಲರ್, ಪಕ್ಕದಲ್ಲಿ ತ್ರಿಕೋನದಂಥ ಮರ.

ನಮ್ಮೂರು ಇರುವುದು ಚಿಂತಾಮಣಿ ತಾಲ್ಲೂಕಿನಲ್ಲಿ. ಅವತ್ತು ಬೆಳಗ್ಗೆ ಊರ ತುಂಬ ಮಂಜು ಕವಿದಿತ್ತು, ಎದುರು ಮನೆ ಕಾಣುತ್ತಿರಲಿಲ್ಲ. ಆ ಮಕ್ಕಳಲ್ಲೇ ಇಬ್ಬರು ಮೂವರು ತಲೆಗೆ ಟವೆಲ್ ಸುತ್ತಿಕೊಂಡು ಡೈರಿಗೆ ಹಾಲು ಹಾಕಿ ಬಂದಿದ್ದರು. ಒಬ್ಬಳ ಬೆರಳ ತುದಿ ಅವರೆಕಾಯಿ ಸುಲಿದು ಸುಲಿದು ಕಪ್ಪಾಗಿತ್ತು. ಇನ್ನೊಬ್ಬನ ತುಟಿ ಒಡೆದು, ಅವರಮ್ಮ ಬೆಣ್ಣೆ ಸವರಿ ಕಳಿಸಿದ್ದರು. ಇಷ್ಟು ಚಳಿಯನ್ನು ಮೈಮೇಲೇ ಹೊತ್ತುಕೊಂಡು ಬಂದ ಮಕ್ಕಳು ಹಾಳೆ ಮೇಲೆ ಬಿಡಿಸಿದ್ದು ಮಾತ್ರ ಯಾವತ್ತೂ ಕಣ್ಣಲ್ಲಿ ಕಾಣದ ಒಂದು ಹಿಮದ ಗೊಂಬೆಯನ್ನು. ನನಗೆ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿ ಆದವಳು. ಈಗ ಶನಿವಾರ, ಭಾನುವಾರ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರಲ್ಲ, ಅದು ನಿಜವಾಗಿಯೂ ಒಳ್ಳೆಯ ಕೆಲಸ. ಮೊದಲು ದೊಡ್ಡವರು ಪೇಪರ್ ಓದುವ ಜಾಗವಾಗಿದ್ದ ಕೋಣೆಗೆ ಈಗ ಮಕ್ಕಳು ಚಪ್ಪಲಿ ಬಿಟ್ಟು ಓಡಿ ಬರುತ್ತಾರೆ. ಬಂದವರು ಮೊದಲು ಕೈ ಹಾಕುವುದು ಚಿತ್ರ ಇರುವ ಪುಸ್ತಕಕ್ಕೇ. ಓದಲು ಬಾರದ ಮಗು ಕೂಡ ಚಿತ್ರ ನೋಡಿ ಇಡೀ ಕಥೆ ಹೇಳುತ್ತೆ. ಹಾಗಾಗಿ ಆ ಚಿತ್ರದಲ್ಲಿ ಏನಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಸ್ನೋಮ್ಯಾನ್ ಎಲ್ಲಿಂದ ಬಂದ ಅಂತ ಹುಡುಕುವುದು ಕಷ್ಟವೇನಿಲ್ಲ. ಪೇಟೆಯಲ್ಲಿ ಸಿಗುವ ಋತುಗಳ ಚಾರ್ಟ್ ತೆಗೆದು ನೋಡಿ. ಬೇಸಿಗೆ ಅಂದರೆ ಸಮುದ್ರ ತೀರದಲ್ಲಿ ಛತ್ರಿ, ಮಳೆಗಾಲ ಅಂದರೆ ಹಳದಿ ರೇನ್‌ಕೋಟು, ಚಳಿಗಾಲ ಅಂದರೆ ಹಿಮ. ನಮ್ಮ ಮೊಮ್ಮಕ್ಕಳ ಎಲ್‌ಕೆಜಿ ಪುಸ್ತಕದಲ್ಲೂ ಅದೇ, ಬಣ್ಣ ತುಂಬುವ ಪುಸ್ತಕದಲ್ಲೂ ಅದೇ. ಒಂದು ಕನ್ನಡ ಪುಸ್ತಕದಲ್ಲಂತೂ ಮೇಲೆ 'ಹೇಮಂತ ಋತು' ಅಂತ ಬರೆದು, ಮಾರ್ಗಶಿರ, ಪುಷ್ಯ ಮಾಸ ಅಂತ ಸರಿಯಾಗಿ ಹೇಳಿ, ಕೆಳಗೆ ಇಬ್ಬರು ಮಕ್ಕಳು ಹಿಮದ ಉಂಡೆ ಎಸೆದಾಡುವ ಚಿತ್ರ ಹಾಕಿದ್ದಾರೆ. ಪುಷ್ಯ ಮಾಸದಲ್ಲಿ ಕರ್ನಾಟಕದ ಯಾವ ಊರಲ್ಲಿ ಹಿಮ ಬೀಳುತ್ತೆ? ಬೆಂಗಳೂರಿನಲ್ಲಿ ಇವತ್ತಿನವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟಬೇಕಾದರೆ ಸೊನ್ನೆಗೆ ಇಳಿಯಬೇಕು. ಅಂದರೆ ನಮ್ಮ ಅಜ್ಜಿಯ ಅಜ್ಜಿಯೂ ಮನೆ ಮುಂದೆ ಹಿಮ ಕಂಡಿರಲಿಲ್ಲ.

ಹಾಗಂತ ಹಿಮದ ಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ನನ್ನ ಹತ್ತಿರ ಇರುವ ಚಿತ್ರಪುಸ್ತಕಗಳಲ್ಲಿ ನಾನು ತುಂಬ ಪ್ರೀತಿಸುವ ಒಂದು ಪುಸ್ತಕ ಹಿಮದ್ದೇ. ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್ ಅವರ 'ದಿ ಸ್ನೋಯಿ ಡೇ'. ಮಗಳು ತಂದುಕೊಟ್ಟಿದ್ದು. ಪೀಟರ್ ಅನ್ನುವ ಪುಟ್ಟ ಹುಡುಗ ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯಾಚೆ ಎಲ್ಲಾ ಬಿಳಿ. ಕೆಂಪು ಬಟ್ಟೆ ತೊಟ್ಟು ಹೊರಗೆ ಹೋಗುತ್ತಾನೆ, ಹಿಮದಲ್ಲಿ ಹೆಜ್ಜೆ ಗುರುತು ಮಾಡುತ್ತಾನೆ, ಒಂದು ಉಂಡೆ ಹಿಮ ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. ಆಮೇಲೆ ನೋಡಿದರೆ ಜೇಬು ಖಾಲಿ.

ಇದನ್ನು ನಾನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಾ ಚಿತ್ರ ತೋರಿಸಿದೆ. ಜೇಬಿನ ಪುಟ ಬಂದಾಗ ಎಲ್ಲರೂ ಸುಮ್ಮನಾಗಿಬಿಟ್ಟರು. ಒಬ್ಬ ಹುಡುಗ, ಎರಡನೇ ಕ್ಲಾಸು, 'ಯಾರು ತಗೊಂಡ್ರು ಮಿಸ್?' ಅಂತ ಕೇಳಿದ. ಮುಂದಿನ ಭಾನುವಾರ ನಮ್ಮ ಫ್ರಿಜ್ಜಿನಿಂದ ಐಸ್ ತಟ್ಟೆ ತೆಗೆದು, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಟವೆಲ್ ಸುತ್ತಿ ತಗೊಂಡು ಹೋದೆ. ಒಬ್ಬೊಬ್ಬರ ಅಂಗೈಗೆ ಒಂದೊಂದು ತುಂಡು. ಆ ಹುಡುಗ ತನ್ನ ತುಂಡನ್ನು ಸೀದಾ ಚಡ್ಡಿ ಜೇಬಿಗೆ ಹಾಕಿಕೊಂಡ. ಹತ್ತು ನಿಮಿಷ ಒಂದು ಕಾಲ ಮೇಲೆ ನಿಂತ, ಇನ್ನೊಂದು ಕಾಲ ಮೇಲೆ ನಿಂತ, ತೊಡೆ ಮೇಲೆ ನೀರು ಇಳಿಯುತ್ತಿದ್ದರೂ ಜೇಬಿಗೆ ಕೈ ಹಾಕಲಿಲ್ಲ. ಕೊನೆಗೆ ಜೇಬನ್ನು ಒಳಗಿಂದ ಹೊರಗೆ ತಿರುಗಿಸಿ ಎಲ್ಲರಿಗೂ ತೋರಿಸಿದ, ಜೇಬಿನ ಬಟ್ಟೆ ಒದ್ದೆ, ತುದಿಯಿಂದ ಒಂದು ಹನಿ ಬಿತ್ತು. 'ಯಾರೂ ತಗೊಂಡಿಲ್ಲ, ಇಲ್ಲೇ ಐತೆ' ಅಂದ. ಒಳ್ಳೆಯ ಚಿತ್ರಪುಸ್ತಕ ಮಾಡುವ ಕೆಲಸ ಇದು. ದೂರದ ಒಂದು ಊರಿನ ಹಿಮವನ್ನು ನಮ್ಮೂರ ಹುಡುಗನ ಜೇಬಿಗೆ ತಂದು ಹಾಕಿತು.

ಆದರೆ ಆ ಪುಸ್ತಕ ಯಾಕೆ ಅಷ್ಟು ಚೆನ್ನಾಗಿದೆ? ಹಿಮ ಇದೆ ಅಂತಲ್ಲ. ಮಾಡಿದವರು ತಮ್ಮ ಕಣ್ಣ ಮುಂದಿನದನ್ನು ಪ್ರೀತಿಯಿಂದ ನೋಡಿದ್ದಕ್ಕೆ. ಕೀಟ್ಸ್ ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಯಹೂದಿ ತಂದೆತಾಯಿಗೆ. ಕಷ್ಟದ ಮನೆ. ಬೇರೆಯವರ ಕಥೆಗಳಿಗೆ ವರ್ಷಗಟ್ಟಲೆ ಚಿತ್ರ ಬಿಡಿಸಿದರು. ಆ ಕಥೆಗಳಲ್ಲಿ ಎಲ್ಲೂ ಕಪ್ಪು ಮಗು ನಾಯಕನಾಗಿರಲಿಲ್ಲ. ಅವರು ಓಡಾಡುವ ಬೀದಿಗಳಲ್ಲಿ ಕಪ್ಪು ಮಕ್ಕಳು ಆಡುತ್ತಿದ್ದರು, ಪುಸ್ತಕದಲ್ಲಿ ಮಾತ್ರ ಇಲ್ಲ. 1940ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದಿದ್ದ ಒಬ್ಬ ಪುಟ್ಟ ಕಪ್ಪು ಹುಡುಗನ ಫೋಟೊಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದ ಆ ಫೋಟೊದ ಹುಡುಗನೇ 1962ರಲ್ಲಿ ಪೀಟರ್ ಆದ. ಮರುವರ್ಷ ಆ ಪುಸ್ತಕಕ್ಕೆ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡೆಕಾಟ್ ಪದಕ ಬಂತು. ನ್ಯೂಯಾರ್ಕ್‌ನ ಸಾರ್ವಜನಿಕ ಗ್ರಂಥಾಲಯ ತನ್ನ 125 ವರ್ಷದ ಲೆಕ್ಕ ತೆಗೆದು 2020ರಲ್ಲಿ ಹೇಳಿತು, ಅಲ್ಲಿಂದ ಅತಿ ಹೆಚ್ಚು ಸಲ ಓದುಗರು ಮನೆಗೆ ಒಯ್ದ ಪುಸ್ತಕ ಇದೇ ಅಂತ, 4 ಲಕ್ಷ 85 ಸಾವಿರಕ್ಕೂ ಜಾಸ್ತಿ ಸಲ. ದೊಡ್ಡವರ ಕಾದಂಬರಿ ಅಲ್ಲ, ಸಣ್ಣ ಮಕ್ಕಳ ಚಿತ್ರಪುಸ್ತಕ!

ಇನ್ನೊಂದು ವಿಷಯ ಹೇಳಲೇಬೇಕು. ಆ ಚಿತ್ರಗಳಿಗೆ ಅವರು ದುಬಾರಿ ಸಾಮಾನು ಬಳಸಲಿಲ್ಲ. ಬಣ್ಣದ ಕಾಗದ, ಬಟ್ಟೆ ಕತ್ತರಿಸಿ ಅಂಟಿಸಿದರು. ಪೀಟರ್‌ನ ಅಮ್ಮನ ಬಟ್ಟೆ ಅಂದರೆ ಅಡುಗೆಮನೆ ಬೀರುವಿನ ಹಲಗೆಗೆ ಹಾಸುವ ಮೇಣದ ಬಟ್ಟೆ. ಹಿಮದ ಚುಕ್ಕಿಗಳಿಗೆ ರಬ್ಬರನ್ನು ಕೆತ್ತಿ ಅಚ್ಚು ಮಾಡಿಕೊಂಡರು, ಹಲ್ಲುಜ್ಜುವ ಬ್ರಷ್ಷಿನಿಂದ ಇಂಕು ಸಿಡಿಸಿದರು. ನಮ್ಮ ಶಾಲೆಯ ಯಾವ ಮಗುವೂ ಮಾಡಬಹುದಾದ್ದು ಇದು, ಅಲ್ವಾ? ಇದನ್ನು ಓದಿದಾಗಲೇ ನನಗೆ ಅನಿಸಿದ್ದು: ನಾವು ಅವರ ಹಿಮವನ್ನು ನಕಲು ಮಾಡಿದೆವು, ಅವರು ನೋಡಿದ ರೀತಿಯನ್ನು ಕಲಿಯಲಿಲ್ಲ.

ನಮ್ಮ ಚಳಿಯಲ್ಲಿ ನೋಡುವುದಕ್ಕೆ ಏನಿದೆ ಅಂತ ಕೇಳುವವರು ಇದ್ದಾರೆ. ಒಬ್ಬ ಪ್ರಕಾಶಕರು ನನ್ನ ಹತ್ತಿರ ಹಾಗೇ ಅಂದರು. 'ಮೇಡಂ, ನಮ್ಮ ಚಳಿಗಾಲದಲ್ಲಿ ಏನೂ ಆಗಲ್ಲ, ಚಿತ್ರ ಬರೆಯೋಕೆ ಏನಿರುತ್ತೆ?' ನಾನು ಅವರಿಗೆ ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ.

ನಮ್ಮ ಬೀದಿಯಲ್ಲಿ ರೇಷ್ಮೆ ಸಾಕುವ ಮನೆ ಇದೆ. ಚಳಿ ಜಾಸ್ತಿ ಆದರೆ ಹುಳು ಮೇವು ತಿನ್ನುವುದು ಕಡಿಮೆ ಮಾಡುತ್ತವೆ. ಅದಕ್ಕೆ ಡಿಸೆಂಬರ್, ಜನವರಿಯಲ್ಲಿ ಆ ಮನೆಯವರು ಹುಳು ಮನೆಗೆ ಇದ್ದಿಲ ಒಲೆ ಇಟ್ಟು, ಕಿಟಕಿಗೆ ಗೋಣಿಚೀಲ ಕಟ್ಟಿ, ಒಳಗೆ 25 ಡಿಗ್ರಿ ಆಸುಪಾಸು ಇರುವ ಹಾಗೆ ನೋಡಿಕೊಳ್ಳುತ್ತಾರೆ. ತಾವು ಮಲಗುವ ಕೋಣೆಗೆ ಒಲೆ ಇಲ್ಲ, ಹುಳುವಿಗೆ ಇದೆ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಇಬ್ಬನಿ ಇದ್ದರೆ ಕೊಯ್ಯುವ ಹಾಗಿಲ್ಲ, ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ. ಬಿಸಿಲು ಬಂದು ಎಲೆ ಆರುವ ತನಕ ಕಾಯಬೇಕು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ 'ಜ್ವರಕ್ಕೆ ಹೋಗುವುದು' ಅಂತಾರೆ. ನಾಲ್ಕು ಸಲ ಜ್ವರಕ್ಕೆ ಹೋಗಿ ಎದ್ದು, ಆಮೇಲೆ ಚಂದ್ರಿಕೆ ಅನ್ನುವ ತಟ್ಟಿ ಏರಿ ಗೂಡು ಕಟ್ಟುತ್ತವೆ. ಆ ಮನೆಯ ಆರು ವರ್ಷದ ಹುಡುಗಿ ಚಳಿ ಇರುವ ರಾತ್ರಿ ಹುಳು ಮನೆಯ ಗೋಡೆಗೆ ಬೆನ್ನು ಒರಗಿಸಿ ಮಲಗುತ್ತಾಳೆ. ಗೋಡೆ ಬೆಚ್ಚಗೆ. ಆಚೆ ಕಡೆ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು, ಸೋನೆ ಮಳೆ ಬಂದ ಹಾಗೆ. ಒಂದು ಪುಟ್ಟ ಹುಡುಗಿ, ಒಂದು ಬೆಚ್ಚಗಿನ ಗೋಡೆ, ಆಚೆ ಹುಳುಗಳು, ಹೊರಗೆ ಚಳಿ. ಇದಕ್ಕಿಂತ ಒಳ್ಳೆಯ ಚಳಿಗಾಲದ ಚಿತ್ರಪುಸ್ತಕ ಬೇಕಾ ನಿಮಗೆ? ಚಿತ್ರಕಾರರು ಇದನ್ನು ನೋಡಿಲ್ಲ ಅಷ್ಟೇ.

ಮಂಜನ್ನೇ ತಗೊಳ್ಳಿ. ಚಿತ್ರಪುಸ್ತಕದಲ್ಲಿ ಪುಟ ತಿರುಗಿಸುವುದೇ ಅರ್ಧ ಕಥೆ. ಮೊದಲ ಪುಟ ಪೂರ್ತಿ ಬಿಳಿ, ಮೂಲೆಯಲ್ಲಿ ಒಂದು ಹಾಲಿನ ಕ್ಯಾನು ಹಿಡಿದ ಕೈ ಮಾತ್ರ. ತಿರುಗಿಸಿದರೆ ಗಂಟೆ ಸದ್ದು, ಯಾರು ಅಂತ ಕಾಣುವುದಿಲ್ಲ. ಇನ್ನೊಂದು ತಿರುಗಿಸಿದರೆ ಎರಡು ಕೊಂಬು. ಮುಂದಿನ ಪುಟಕ್ಕೆ ಹಸು, ಅದರ ಹಿಂದೆ ತಾತ, ತಾತನ ಬಾಯಿಂದ ಹೊಗೆ. ಬೀಡಿ ಹೊಗೆ ಅಲ್ಲ, ಚಳಿ ಹೊಗೆ. ಡೈರಿ ಬಂತು, ಬಲ್ಬು ಹಳದಿ ಉಂಡೆಯ ಹಾಗೆ ಕಾಣುತ್ತೆ, ಕ್ಯಾನಿನ ಮುಚ್ಚಳ ತೆಗೆದರೆ ಆಗಷ್ಟೇ ಕರೆದ ಹಾಲಿನಿಂದ ಹಬೆ. ಮಕ್ಕಳು ಪ್ರತಿ ಪುಟಕ್ಕೂ 'ಯಾರು, ಯಾರು' ಅಂತ ಕೇಳುತ್ತಾರೆ. ನಾನು ಪುಸ್ತಕ ಇಲ್ಲದೇ ಬರೀ ಬಾಯಲ್ಲಿ ಹೇಳಿದಾಗಲೇ ಕೇಳಿದ್ದಾರೆ. ಈ ಪುಸ್ತಕದಲ್ಲಿ ಬಣ್ಣಕ್ಕೂ ಜಾಸ್ತಿ ಖರ್ಚಿಲ್ಲ, ಮುಕ್ಕಾಲು ಭಾಗ ಕಾಗದವೇ ಮಂಜು.

ಅವರೆಕಾಯಿ ಬಗ್ಗೆ ಬರೆಯದೇ ನಮ್ಮ ಕಡೆಯವರು ಚಳಿಗಾಲದ ಮಾತು ಮುಗಿಸುವುದಿಲ್ಲ. ಇಬ್ಬನಿ ಬಿದ್ದರೇನೇ ಸೊಗಡು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ರಾತ್ರಿ ಊಟ ಆದಮೇಲೆ ಇಡೀ ಮನೆ ಸುತ್ತ ಕೂತು ಕಾಯಿ ಸುಲಿಯುವುದು, ಸಿಪ್ಪೆಯ ರಾಶಿ, ಅದರಲ್ಲಿ ಹಸಿರು ಹುಳ ಸಿಕ್ಕಿದಾಗ ಮಕ್ಕಳ ಕಿರುಚಾಟ. ಮಾರನೇ ದಿನ ನೆನೆದ ಕಾಳನ್ನು ಹಿತಕುವಾಗ ಬೇಳೆ ಪುಟಕ್ಕನೆ ಹಾರಿ ಅಜ್ಜಿಯ ಸೆರಗಿಗೆ ಬೀಳುವುದು. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಅದನ್ನು ಬಿಸಿಲಿಗೆ ಇಟ್ಟು ಕಾಯುವುದು. ಬಚ್ಚಲ ಒಲೆಯ ಮುಂದೆ ಕೂರುವ ಜಾಗಕ್ಕೆ ಬೆಕ್ಕಿಗೂ ಮಗುವಿಗೂ ಜಗಳ. ಕುಲಾವಿ ಕಟ್ಟಿಸಿಕೊಂಡ ಪಾಪು. ಇವೆಲ್ಲ ಸಣ್ಣ ಸಣ್ಣವು, ಮಕ್ಕಳ ಎತ್ತರದಲ್ಲೇ ನಡೆಯುವಂಥವು.

ಮತ್ತೆ ನಮ್ಮ ರಾಜ್ಯದಲ್ಲಿ ಚಳಿ ಒಂದೇ ಥರ ಇಲ್ಲವಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆರು ವರ್ಷ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ಅಲ್ಲಿ ಅದು ಚಳಿ ಅಲ್ಲ, ಥಂಡಿ. ಮನೆಯೊಡತಿ ನನಗೆ ಮೊದಲ ರಾತ್ರಿ ಹೊದೆಯಲು ಕೊಟ್ಟ ಕೌದಿಯ ತುಂಬ ಹಳೇ ಸೀರೆ ತುಂಡುಗಳಿದ್ದವು. ಒಂದೊಂದು ತುಂಡು ತೋರಿಸಿ ಇದು ನಮ್ಮವ್ವನ ಸೀರಿ, ಇದು ನನ್ನ ಮದುವಿದು ಅಂತ ಹೇಳಿದ್ದರು. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ, ಹಿಂಗಾರಿ ಜೋಳದ ನಡುವೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಊಟ. ಕಡಲೆ ಹೊಲದಲ್ಲಿ ಬೆಳಗಿನ ಹೊತ್ತು ನಡೆದರೆ ಕಾಲು ಚುರುಚುರು ಅನ್ನುತ್ತೆ, ಆ ಗಿಡದ ಎಲೆಯಲ್ಲೇ ಹುಳಿ ಇರುತ್ತೆ. ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯಲ್ಲಿ ನೆನೆದ ಬಟ್ಟೆ ಹಿಂಡಿ ಆ ಹುಳಿ ತೆಗೆದಿಡುತ್ತಿದ್ದರು, ಹೊಟ್ಟೆ ನೋವಿಗೆ ಔಷಧಿ ಅಂತ. ಕಪ್ಪು ಹೊಲದ ಮೇಲೆ ಬಿಳಿ ಬಟ್ಟೆ ಹಾಸಿದ ಆ ಬೆಳಗು ಈಗಲೂ ನನ್ನ ಕಣ್ಣಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಮಕ್ಕಳಿಗೆ ಚಳಿಗಾಲ ಅಂದರೆ ಕಾಫಿ ಕುಯ್ಲು, ಕಣದಲ್ಲಿ ಒಣಗುವ ಕೆಂಪು ಹಣ್ಣು. ಕರಾವಳಿಯವರಿಗೆ ಅದೂ ಬೇರೆ, ಅಲ್ಲಿ ಆ ಹೊತ್ತಿಗೆ ಮಾವು, ಗೇರು ಹೂ ಬಿಡುತ್ತವೆ. ಹಿಮ ಒಂದೇ ಥರ ಬಿಳಿ. ನಮ್ಮ ಚಳಿಗೆ ಇಷ್ಟೊಂದು ಬಣ್ಣ.

ಇನ್ನು ಮಾತಿನ ವಿಷಯ. ಇದು ನನಗೆ ಗೊತ್ತಾಗಿದ್ದು ಟೊರಾಂಟೊದಲ್ಲಿರುವ ಮಗಳ ಮಗನಿಂದ. ವಿಡಿಯೊ ಕಾಲ್ ಮಾಡಿ 'ಅಜ್ಜಿ, ಮಂಜು ಬಿದ್ದಿದೆ' ಅಂದ. ನಾನು 'ನಮ್ಮಲ್ಲೂ ಇವತ್ತು ಮಂಜು ಕಣೋ, ಏನೂ ಕಾಣ್ತಿಲ್ಲ' ಅಂದೆ. ಅವನು ಕಿಟಕಿಗೆ ಫೋನ್ ಹಿಡಿದು ತೋರಿಸಿದ, ಅಂಗಳದಲ್ಲಿ ಮೊಣಕಾಲುದ್ದ ಹಿಮ. ನಾನು ಬಾಗಿಲಿಗೆ ಫೋನ್ ಹಿಡಿದು ತೋರಿಸಿದೆ, ಬರೀ ಹೊಗೆಯ ಹಾಗೆ. 'ಅಜ್ಜಿ, ಇದು ಮಂಜು ಅಲ್ಲ' ಅಂತ ಅವನು, 'ಇದೇನೇ ಮಂಜು' ಅಂತ ನಾನು. ಇಬ್ಬರ ಮಾತೂ ಸರಿ! ಕನ್ನಡದಲ್ಲಿ ಒಂದೇ ಪದವನ್ನು ಎರಡಕ್ಕೂ ಬಳಸಿಬಿಟ್ಟಿದ್ದೇವೆ. ಬೇರೆ ಪದ ಇಲ್ಲ ಅಂತಲ್ಲ. ಇಬ್ಬನಿ ಇದೆ, ಹಿಮ ಇದೆ, ದಟ್ಟ ಮಂಜಿಗೆ ಕಾವಳ ಅನ್ನುವ ಚೆಂದದ ಹಳೆಯ ಮಾತಿದೆ, ಈ ಕಾಲಕ್ಕೆ ಮಾಗಿ ಅನ್ನುವ ನಮ್ಮದೇ ಹೆಸರಿದೆ. ಅನುವಾದದ ಪುಸ್ತಕಗಳಲ್ಲಿ ಒಂದು ಕಡೆ ಮಂಜು ಬಿತ್ತು, ಇನ್ನೊಂದು ಕಡೆ ಮಂಜು ಕವಿಯಿತು, ಮತ್ತೊಂದು ಕಡೆ ಮಂಜಿನ ಮನುಷ್ಯ. ನಮ್ಮೂರ ಮಗು ಕೇಳುತ್ತೆ, ಮಂಜನ್ನು ಹಿಡಿದು ಉಂಡೆ ಮಾಡುವುದು ಹೇಗೆ ಮಿಸ್ ಅಂತ. ಆ ಮಗುವಿನ ಪ್ರಶ್ನೆಯಲ್ಲಿ ತಪ್ಪೇನಿದೆ?

ನನ್ನ ಮೊಮ್ಮಗನಿಗೆ ಹಿಮವೇ ಅವನ ಅಂಗಳ. ಅವನಂಥ ಮಕ್ಕಳಿಗೆ ಹಿಮದ ಬಗ್ಗೆ ಕನ್ನಡ ಚಿತ್ರಪುಸ್ತಕ ಖಂಡಿತ ಬೇಕು. ಅಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಹೊರಗೆ ಹೋಗುವಾಗ ಹಾಕುವ ಹತ್ತು ಥರದ ಬಟ್ಟೆಗೆ, ಬೂಟಿಗೆ, ಜಾರುವ ರಸ್ತೆಗೆ, ಸಲಿಕೆಯಲ್ಲಿ ಹಿಮ ಎತ್ತುವ ಅಪ್ಪನಿಗೆ ಅವನ ಹತ್ತಿರ ಕನ್ನಡದ ಮಾತೇ ಇಲ್ಲ. ಅಲ್ಲಿರುವ ಕನ್ನಡಿಗರು ಇದನ್ನು ಬರೆಯಲಿ, ಕನ್ನಡ ಶಾಲೆಗಳಲ್ಲಿ ಮಕ್ಕಳೇ ಬಿಡಿಸಲಿ. ಅವರು ಅವರ ಬಾಗಿಲು ತೆರೆದು ನೋಡಲಿ, ನಾವು ನಮ್ಮ ಬಾಗಿಲು ತೆರೆದು ನೋಡೋಣ. ಆಮೇಲೆ ಪುಸ್ತಕ ಅದಲು ಬದಲು ಮಾಡಿಕೊಳ್ಳೋಣ.

ಭಾಷೆಯ ಬಗ್ಗೆ ಇನ್ನೂ ಒಂದು ಮಾತು. ನಾಲ್ಕು ವರ್ಷದ ಮಗುವಿನ ಪುಸ್ತಕದಲ್ಲಿ 'ಶೀತಲ ಮಾರುತವು ಬೀಸಲಾರಂಭಿಸಿತು' ಅಂತ ಬರೆದರೆ ಅದನ್ನು ಯಾರು ಓದಬೇಕು? ಓದಿ ಹೇಳುವ ನನಗೇ ನಾಲಿಗೆ ತೊಡರುತ್ತೆ. 'ಗಾಳಿ ಬಂತು. ಗಡಗಡ ನಡುಗಿದ' ಅಂತ ಬರೆದರೆ ಮಕ್ಕಳು ತಾವೇ ಎದ್ದು ನಡುಗಿ ತೋರಿಸುತ್ತಾರೆ. 'ಶಿವರಾತ್ರಿ ಬಂದರೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ' ಅನ್ನುವ ಮಾತನ್ನು ನಮ್ಮ ಅಮ್ಮಂದಿರು ಹೇಳಿಕೊಟ್ಟರು. ಚಳಿಯೇ ಕಂಬಳಿ ಹೊದ್ದು ಓಡಿಹೋಗುವ ಚಿತ್ರ ಯಾರೂ ಬರೆದಿಲ್ಲ ಇನ್ನೂ. ನನ್ನ ಕಣ್ಣಿಗೆ ಬಿದ್ದಿಲ್ಲ.

ದುಡ್ಡಿನ ಮಾತು ಬಂದೇ ಬರುತ್ತೆ. ಬಣ್ಣದ ಮುದ್ರಣ, ಗಟ್ಟಿ ಕಾಗದ, ಎಲ್ಲಾ ದುಬಾರಿ, ಕಡಿಮೆ ಪ್ರತಿ ಹಾಕಿದರೆ ಬೆಲೆ ಏರುತ್ತೆ, ಬೆಲೆ ಏರಿದರೆ ಯಾರೂ ಕೊಳ್ಳುವುದಿಲ್ಲ. ಒಪ್ಪುತ್ತೇನೆ. ಆದರೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಇದೆ, 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ. ಆ ದುಡ್ಡಿನಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳ ಚಿತ್ರಪುಸ್ತಕಕ್ಕೆ ಅಂತಲೇ ಒಂದು ಪಾಲು ಎತ್ತಿಡಲಿ ಅಂತ ನನ್ನ ಕೋರಿಕೆ. ಸಗಟು ಖರೀದಿಗೆ ಪುಸ್ತಕ ಆರಿಸುವಾಗ ಸಾಹಿತಿಗಳ ಜೊತೆ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಒಬ್ಬ ಚಿತ್ರಕಾರ ಕೂರಲಿ. ಧಾರವಾಡದ ಬಾಲವಿಕಾಸ ಅಕಾಡೆಮಿ ಇದೆ, ಅಲ್ಲಿ ಬರೆಯುವವರನ್ನೂ ಬಿಡಿಸುವವರನ್ನೂ ಒಂದೇ ಕೋಣೆಯಲ್ಲಿ ಎಂಟು ದಿನ ಕೂರಿಸಿ ಕೆಲಸ ಮಾಡಿಸಬಹುದು. ನಮ್ಮಲ್ಲಿ ಕಥೆ ಮೊದಲು ಮುಗಿದು, ಆಮೇಲೆ ಯಾರೋ ಅವಸರದಲ್ಲಿ ನಾಲ್ಕು ಚಿತ್ರ ಅಂಟಿಸುತ್ತಾರೆ. ಚಿತ್ರಪುಸ್ತಕ ಹಾಗೆ ಹುಟ್ಟುವುದಿಲ್ಲ.

ಚಿತ್ರಕಾರರಿಗೆ ಬರಗಾಲವಾ? ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆದಾಗ ಹೋಗಿ ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಮಕ್ಕಳ ಪುಸ್ತಕಕ್ಕೆ ಅಂತ ಒಂದು ಸಾಲು ಯಾಕಿರಬಾರದು? ಕೈಯಲ್ಲಿ ದುಡ್ಡಿಲ್ಲದ ಶಾಲೆಗಳಿಗೆ ಇನ್ನೊಂದು ದಾರಿಯೂ ಇದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಶುರು ಮಾಡಿದೆ. ಅಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಹೊಸದಾಗಿ ಬರೆದು ಹಾಕಲೂಬಹುದು. ನಾನು ನಮ್ಮ ಅರಿವು ಕೇಂದ್ರಕ್ಕೆ ಹಾಗೇ ಕೆಲವು ಮುದ್ರಿಸಿ, ದಾರದಲ್ಲಿ ಹೊಲಿದು ಇಟ್ಟಿದ್ದೇನೆ. ಮಕ್ಕಳು ಓದಿ ಓದಿ ಅಂಚು ಮೆತ್ತಗಾಗಿದೆ.

ಒಂದು ಪುಸ್ತಕದ ಆಸೆ ನನಗೆ ತುಂಬ ವರ್ಷದಿಂದ ಇದೆ, ಅದನ್ನೂ ಹೇಳಿಬಿಡುತ್ತೇನೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯವನ್ನೇ ದಾಟಿ. 2024ರಲ್ಲಿ ಆ ಕೆರೆಗೆ, ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳಿಗೆ ಕೊಡುವ ರಾಮ್‌ಸರ್ ಮಾನ್ಯತೆಯೂ ಸಿಕ್ಕಿತು. ಒಂದು ಜನವರಿಯಲ್ಲಿ ನೆಂಟರ ಮನೆಗೆ ಹೋದಾಗ ನಾನೂ ನೋಡಿದೆ. ಬೂದು ಬಣ್ಣದ ಮೈ, ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ, ಯಾರೋ ಕಾಡಿಗೆಯಲ್ಲಿ ಗೆರೆ ಎಳೆದ ಹಾಗೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ನೀರಿಗಿಳಿದು ಮಾತಾಡಿಕೊಳ್ಳುತ್ತವೆ, ಇಡೀ ಕೆರೆ ಗದ್ದಲ. ಆ ಹಕ್ಕಿ ತನ್ನ ಊರಲ್ಲಿ ಹಿಮ ಬೀಳುವ ಹೊತ್ತಿಗೆ ಹೊರಟು ನಮ್ಮ ಚಳಿಗೆ ಬರುತ್ತೆ. ನಮಗೆ ನಡುಕ ಹುಟ್ಟಿಸುವ ಚಳಿ ಅದಕ್ಕೆ ಬೆಚ್ಚಗೆ! ಮೊದಲ ಪುಟದಲ್ಲಿ ಹಿಮ, ಕೊನೆಯ ಪುಟದಲ್ಲಿ ಮಾಗಡಿ ಕೆರೆ, ನಡುವೆ ಆ ಹಕ್ಕಿಯ ದಾರಿ. ನನ್ನ ಟೊರಾಂಟೊ ಮೊಮ್ಮಗನೂ, ನಮ್ಮೂರಿನ ಆ ಜೇಬಿನ ಹುಡುಗನೂ ಒಟ್ಟಿಗೆ ಓದಬಹುದಾದ ಪುಸ್ತಕ ಅದು. ಯಾರಾದರೂ ಮಾಡಿ. ನನಗೆ ಚಿತ್ರ ಬರುವುದಿಲ್ಲ, ಮಾತು ಬೇಕಾದರೆ ನಾನು ಕೊಡುತ್ತೇನೆ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಭಾನುವಾರದ ಪುರವಣಿಯಲ್ಲಿ ಸಂಕ್ರಾಂತಿ ಒಳಗೆ ಒಂದು ಪುಟ ಕೊಡಿ, ಮಕ್ಕಳು ಬಿಡಿಸಿದ ನಮ್ಮ ಚಳಿಗಾಲದ ಚಿತ್ರಗಳಿಗೆ. ನಮ್ಮ ಹದಿಮೂರು ಮಕ್ಕಳಿಗೆ ಈ ಶನಿವಾರ ಮತ್ತೆ ಹಾಳೆ ಕೊಡುತ್ತೇನೆ. ಈ ಸಲ ಒಳಗೆ ಕೂರಿಸುವುದಿಲ್ಲ, ಬೆಳಗ್ಗೆ ಡೈರಿ ಜಗುಲಿ ಮೇಲೆ ಕೂರಿಸುತ್ತೇನೆ.

ಮಕ್ಕಳಿಗೆ ಚಿತ್ರ ಬಿಡಿಸುವವರು ಯಾರಾದರೂ ಇದನ್ನು ಓದಿದರೆ, ನಮ್ಮ ಕಡೆಗೆ ಬನ್ನಿ. ಹಿಂದಿನ ರಾತ್ರಿಯೇ ಬಂದುಬಿಡಿ, ಬೆಳಗ್ಗೆ ಬಸ್ಸಿನಲ್ಲಿ ಬಂದರೆ ಮಂಜು ಕರಗಿರುತ್ತೆ. ಹೊದೆಯಲು ಕಂಬಳಿ ಇದೆ, ಊಟಕ್ಕೆ ಹಿತಕಿದ ಬೇಳೆ ಸಾರು, ಮುದ್ದೆ. ಆರು ಗ್ಲಾಸಿಗೆ ಆಗುವಷ್ಟು ಕಾಫಿ ಹಾಕಿ ಎಬ್ಬಿಸುತ್ತೇನೆ. ಆದರೆ ಜನವರಿ ಮುಗಿಯುವುದರೊಳಗೆ ಬರಬೇಕು, ಆಮೇಲೆ ಅವರೆಕಾಯಿಯೂ ಇರಲ್ಲ, ಮಂಜೂ ಇರಲ್ಲ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ,
ಚಿಂತಾಮಣಿ ತಾಲ್ಲೂಕು